ಹಸುವಿನ ತೇಗು ಅಳೆಯದೆ ಮೀಥೇನ್ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಹಾಲು ಕೊಡುವ ಒಂದು ಹಸು ವರ್ಷಕ್ಕೆ ನೂರು, ನೂರೈವತ್ತು ಕಿಲೋ ಮೀಥೇನ್ ಬಿಡುತ್ತದೆ ಎಂದು ಓದುತ್ತಿರುತ್ತೇವೆ. ಕೋಟ್ಯಂತರ ಹಸುಗಳ ಮೂತಿಗೆ ಯಾರೂ ಮೀಟರ್ ಕಟ್ಟಿಲ್ಲವಲ್ಲ? ಹಾಗಾದರೆ ಈ ಅಂಕಿ ಎಲ್ಲಿಂದ ಬರುತ್ತದೆ? ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ, ಆದರೆ ಅದು ಸ್ವಲ್ಪ ತಪ್ಪು ಜಾಗದ ಮೇಲೆ ಬಿದ್ದಿದೆ. ಈ ಲೆಕ್ಕಗಳಲ್ಲಿ ಅನಿಲದ ಸೂತ್ರ ಅಷ್ಟೇನೂ ದುರ್ಬಲವಲ್ಲ. ದುರ್ಬಲವಾಗಿರುವುದು ಹಸು ದಿನಕ್ಕೆ ಎಷ್ಟು ಮೇವು ತಿಂದಿತು ಎಂಬ ಅಂಕಿ. ಮೀಥೇನ್ ಲೆಕ್ಕ ಎಂದು ನಾವು ಕರೆಯುವುದು ಮುಕ್ಕಾಲು ಪಾಲು ಮೇವಿನ ಲೆಕ್ಕವೇ.

ಯಾಕೆ ಹಾಗೆ ಎಂದು ತಿಳಿಯಲು ಹಸುವಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಒಳಗೆ ಏನಾಗುತ್ತದೆ ಎಂದು ನೋಡಬೇಕು. ಅಲ್ಲಿ ಗಾಳಿಯಿಲ್ಲ. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನೂ ಕಾಳಿನ ಪಿಷ್ಟವನ್ನೂ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಮಾಡುತ್ತವೆ. ಹಸು ಬದುಕುವುದೂ ಹಾಲು ಕೊಡುವುದೂ ಬಹುಮಟ್ಟಿಗೆ ಈ ಆಮ್ಲಗಳಿಂದಲೇ. ಅಸಿಟೇಟ್ ತಯಾರಾಗುವಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದು ಅಲ್ಲೇ ಶೇಖರವಾದರೆ ಹುದುಗುವ ಕೆಲಸವೇ ಕುಂಟುತ್ತದೆ. ಆಗ ಆರ್ಕಿಯಾ ಗುಂಪಿನ ಜೀವಿಗಳು ನಾಲ್ಕು ಅಣು ಹೈಡ್ರೋಜನ್‌ಗೆ ಒಂದು ಅಣು ಇಂಗಾಲದ ಡೈಆಕ್ಸೈಡ್ ಸೇರಿಸಿ ಒಂದು ಅಣು ಮೀಥೇನ್, ಎರಡು ಅಣು ನೀರು ಮಾಡಿ ಹೊಟ್ಟೆಯನ್ನು ಹಗುರಾಗಿಸುತ್ತವೆ. ಪ್ರೊಪಿಯೊನೇಟ್ ತಯಾರಾಗುವಾಗ ಇದಕ್ಕೆ ವಿರುದ್ಧ, ಹೈಡ್ರೋಜನ್ ಬಳಕೆಯಾಗುತ್ತದೆ. ಹಾಗಾಗಿ ನಾರು ಹೆಚ್ಚಿದ್ದರೆ ಮೀಥೇನ್ ಹೆಚ್ಚು, ಪಿಷ್ಟ ಹೆಚ್ಚಿದ್ದರೆ ಕಡಿಮೆ. ಈ ಅನಿಲ ಹೊರಬೀಳುವುದು ಬಹುಪಾಲು ಬಾಯಿ ಮೂಗುಗಳಿಂದ, ತೇಗಿನ ಮೂಲಕ. ಹಿಂಭಾಗದಿಂದ ಎಂಬ ಜನಪ್ರಿಯ ತಮಾಷೆ ನಿಜವಲ್ಲ.

ಹೆಚ್ಚು ತಿಂದರೆ ಹೆಚ್ಚು ಹುದುಗುತ್ತದೆ, ಹೆಚ್ಚು ಹುದುಗಿದರೆ ಹೆಚ್ಚು ಹೈಡ್ರೋಜನ್. 2018ರಲ್ಲಿ ಹಲವು ದೇಶಗಳ ಸಂಶೋಧಕರು 5,000ಕ್ಕೂ ಹೆಚ್ಚು ಹಾಲು ಕೊಡುವ ಹಸುಗಳ ದಾಖಲೆಗಳನ್ನು ಒಂದೆಡೆ ತಂದು ಸಮೀಕರಣಗಳನ್ನು ಹೋಲಿಸಿದಾಗಲೂ, ಒಣ ಲೆಕ್ಕದಲ್ಲಿ ತಿಂದ ಮೇವಿನ ತೂಕವೇ ಮುಖ್ಯ ಅಂಶ ಎಂದು ಕಂಡುಬಂತು. ಸ್ಥೂಲವಾಗಿ, ನೀರಿನಂಶ ಕಳೆದು ಉಳಿಯುವ ಒಂದು ಕಿಲೋ ಮೇವಿಗೆ ಸುಮಾರು 20 ಗ್ರಾಂ ಮೀಥೇನ್.

ದೇಶಗಳು ತಮ್ಮ ವರದಿಗಳಿಗೆ ಬಳಸುವುದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ ಮಾರ್ಗಸೂಚಿಯನ್ನು. ಅದರಲ್ಲಿ 'ಟಿಯರ್' ಎಂಬ ಮೂರು ಹಂತಗಳಿವೆ. ಟಿಯರ್ 1ರಲ್ಲಿ ಹಸುಗಳ ತಲೆ ಎಣಿಸಿ, ಪ್ರದೇಶಕ್ಕೊಂದರಂತೆ ಕೊಟ್ಟ ಅಂಕಿಯಿಂದ ಗುಣಿಸಿದರೆ ಮುಗಿಯಿತು. 2006ರ ಮಾರ್ಗಸೂಚಿಯಲ್ಲಿ ಉತ್ತರ ಅಮೆರಿಕದ ಹಾಲಿನ ಹಸುವಿಗೆ ವರ್ಷಕ್ಕೆ 128 ಕಿಲೋ, ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಹಸುವಿಗೆ 46 ಕಿಲೋ. ಈ ವಿಧಾನದ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಇದರಲ್ಲಿ ನಾಳೆಯಿಂದ ಮೇವು ಬದಲಿಸಿದರೂ ಅಂಕಿ ಅಲ್ಲಾಡುವುದಿಲ್ಲ, ಹಸುಗಳನ್ನು ಮಾರಿದರೆ ಮಾತ್ರ ಇಳಿಯುತ್ತದೆ.

ನಿಜವಾದ ಲೆಕ್ಕ ಶುರುವಾಗುವುದು ಟಿಯರ್ 2ರಲ್ಲಿ. ಹಸು ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಶೇ 6ರ ಆಸುಪಾಸು ಮೀಥೇನ್ ಆಗಿ ಹೋಗುತ್ತದೆ ಎಂಬುದು ಇದರ ಆಧಾರ. ಒಂದು ಕಿಲೋ ಮೀಥೇನ್‌ನಲ್ಲಿ 55.65 ಮೆಗಾಜೂಲ್ ಶಕ್ತಿ ಇರುವುದರಿಂದ, ಕಳೆದುಹೋದ ಶಕ್ತಿಯನ್ನು ಅದರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ತಿಂದ ಮೇವನ್ನು ತೂಗುವವರು ಯಾರು? ಯಾರೂ ಇಲ್ಲ. ಅದಕ್ಕೇ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ: ಇಷ್ಟು ತೂಕದ ಹಸು ಬದುಕಲು ಇಷ್ಟು ಶಕ್ತಿ ಬೇಕು, ಇಷ್ಟು ಹಾಲಿಗೆ ಇನ್ನಿಷ್ಟು ಬೇಕು, ಮೇವು ಇಷ್ಟು ಜೀರ್ಣವಾಗುತ್ತದೆ, ಆದ್ದರಿಂದ ಇಷ್ಟು ತಿಂದಿರಲೇಬೇಕು.

ಕೈಯಾರೆ ಮಾಡಿ ನೋಡೋಣ. 600 ಕಿಲೋ ತೂಕದ ಹಸು, ದಿನಕ್ಕೆ 25 ಕಿಲೋ ಹಾಲು, ಕೊಬ್ಬು ಶೇ 4. ಕೊಟ್ಟಿಗೆಯಲ್ಲೇ ಇರುತ್ತದೆ, ಗಬ್ಬವಿಲ್ಲ. ಬದುಕಿಗೆ ಸುಮಾರು 47 ಮೆಗಾಜೂಲ್, ಹಾಲಿಗೆ ಸುಮಾರು 77. ಮೇವಿನ ಶಕ್ತಿಯಲ್ಲಿ ಶೇ 70 ಜೀರ್ಣವಾಗುತ್ತದೆ ಎಂದುಕೊಳ್ಳೋಣ. ಜೀರ್ಣವಾದದ್ದರಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬದುಕಿಗೂ ಹಾಲಿಗೂ ಸಿಗುವುದರಿಂದ, ಹಸು ಸುಮಾರು 334 ಮೆಗಾಜೂಲ್ ಶಕ್ತಿಯ 18 ಕಿಲೋ ಒಣ ಲೆಕ್ಕದ ಮೇವು ತಿಂದಿರಬೇಕು. ಶಕ್ತಿಯ ಶೇ 6.3 ಮೀಥೇನ್ ಆದರೆ ದಿನಕ್ಕೆ ಸುಮಾರು 378 ಗ್ರಾಂ. ಈಗ ಒಂದೇ ಒಂದು ಅಂಕಿ ಬದಲಿಸಿ. ಜೀರ್ಣವಾಗುವ ಪಾಲು ಶೇ 65 ಎನ್ನಿ. ಮೇವು 20 ಕಿಲೋಗೆ, ಮೀಥೇನ್ ಸುಮಾರು 419 ಗ್ರಾಂಗೆ ಏರುತ್ತದೆ. ಅದೇ ಹಸು, ಅದೇ ಹಾಲು, ಉತ್ತರದಲ್ಲಿ ಮಾತ್ರ ಶೇ 11ರ ವ್ಯತ್ಯಾಸ. ಮೇವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸದೆ ಶೇ 65, 70 ಎಂದು ಹೇಳುವವರು ಎಷ್ಟು ಜನವಿದ್ದಾರೆ ಎಂದು ಯೋಚಿಸಿದರೆ, ನಾನು ಮೊದಲಿಗೆ ಹೇಳಿದ ದುರ್ಬಲ ಜಾಗ ಯಾವುದೆಂದು ತಿಳಿಯುತ್ತದೆ.

ಶೇ 6ರ ಆ ಅಂಕಿ ಗಾಳಿಯಿಂದ ಬಂದದ್ದಲ್ಲ. ಮುಚ್ಚಿದ ಉಸಿರಾಟದ ಕೋಣೆಗಳಲ್ಲಿ ಹಸುವನ್ನು ಕೆಲವು ದಿನ ಇಟ್ಟು, ಒಳಹೋಗುವ ಮತ್ತು ಹೊರಬರುವ ಗಾಳಿಯನ್ನು ಅಳೆದು ಕಂಡುಕೊಂಡದ್ದು. ಈ ಕೆಲಸ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ, ಮೊದಲಿನ ಉದ್ದೇಶ ಹವಾಮಾನವಲ್ಲ, ಮೇವಿನ ಶಕ್ತಿ ಎಲ್ಲಿ ಪೋಲಾಗುತ್ತದೆ ಎಂಬ ಹುಡುಕಾಟ. ಕೋಣೆಯ ಅಳತೆ ನಿಖರ, ಆದರೆ ಪರಿಚಯವಿಲ್ಲದ ಕೋಣೆಯಲ್ಲಿ ಎಷ್ಟೋ ಹಸುಗಳು ಮೇವನ್ನೇ ಕಡಿಮೆ ಮಾಡುತ್ತವೆ. ಮೇಯುವ ಹಸುಗಳಿಗೆ 1994ರಿಂದ ಬೇರೆ ದಾರಿಯಿದೆ: ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ಗೊತ್ತಾದ ವೇಗದಲ್ಲಿ ಬಿಡುವ ಪುಟ್ಟ ಕೊಳವೆಯನ್ನು ರೂಮೆನ್‌ನಲ್ಲಿಟ್ಟು, ಉಸಿರಿನ ಮಾದರಿಯಲ್ಲಿ ಎರಡೂ ಅನಿಲಗಳ ಅನುಪಾತ ನೋಡುವುದು. ಇನ್ನೊಂದು, ಹಸು ತಿಂಡಿಗಾಗಿ ತಲೆ ತೂರಿಸಿದ ಕೆಲವು ನಿಮಿಷ ಅದರ ಉಸಿರನ್ನು ಎಳೆದು ಅಳೆಯುವ ಯಂತ್ರ. ಇದರಲ್ಲಿ ಒಂದು ತೊಡಕಿದೆ. ಮೇವು ತಿಂದ ಮೇಲೆ ಮೀಥೇನ್ ಏರಿ, ಮತ್ತೆ ನಿಧಾನಕ್ಕೆ ಇಳಿಯುತ್ತದೆ. ಹಸು ಯಂತ್ರದ ಬಳಿ ಬರುವ ಹೊತ್ತು ದಿನವಿಡೀ ಹರಡಿಕೊಂಡಿಲ್ಲದಿದ್ದರೆ ಸರಾಸರಿ ಒಂದು ಕಡೆಗೆ ವಾಲುತ್ತದೆ.

ಮೂರನೇ ಹಂತದಲ್ಲಿ ಸರಾಸರಿ ಶೇಕಡಾವಾರು ಬಿಟ್ಟು ಹೊಟ್ಟೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ನಾರು, ಪಿಷ್ಟ, ಸಕ್ಕರೆ, ಪ್ರೋಟೀನ್ ಒಂದೊಂದೂ ಯಾವ ವೇಗದಲ್ಲಿ ಕರಗುತ್ತದೆ, ಎಷ್ಟು ಬೇಗ ಮುಂದೆ ಸಾಗುತ್ತದೆ, ಯಾವ ಆಮ್ಲವಾಗುತ್ತದೆ, ಕೊನೆಗೆ ಎಷ್ಟು ಹೈಡ್ರೋಜನ್ ಉಳಿಯುತ್ತದೆ ಎಂದು ಹೆಜ್ಜೆಹೆಜ್ಜೆಗೂ ಲೆಕ್ಕ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬಾಲ್ಡ್ವಿನ್ ತಂಡ 1987ರಲ್ಲಿ ಪ್ರಕಟಿಸಿದ 'ಮಾಲಿ' (Molly) ಎಂಬ ಮಾದರಿ ಈ ಬಗೆಯದು. ನೆದರ್‌ಲ್ಯಾಂಡ್ಸ್ ತನ್ನ ಹಾಲಿನ ಹಸುಗಳ ರಾಷ್ಟ್ರೀಯ ಲೆಕ್ಕಕ್ಕೆ ಇಂಥದೇ ಮಾದರಿಯನ್ನು ಬಳಸುತ್ತದೆ. ಇವು ಏನು ಆಯಿತು ಎಂಬುದರ ಜೊತೆಗೆ ಯಾಕೆ ಆಯಿತು ಎಂದೂ ಹೇಳಬಲ್ಲವು, ಅದೇ ಇವುಗಳ ಹೆಚ್ಚುಗಾರಿಕೆ. ಆದರೆ ಇವುಗಳ ಬಾಯಿಗೂ ಮೊದಲು ಹಾಕಬೇಕಾದದ್ದು ಮೇವಿನ ಅಂಕಿಯನ್ನೇ.

ಸರಳ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಕೊಬ್ಬು ಒಳ್ಳೆಯ ಉದಾಹರಣೆ. ಮೇವಿಗೆ ಎಣ್ಣೆ ಸೇರಿಸಿದರೆ ಅದರ ಒಟ್ಟು ಶಕ್ತಿ ಏರುತ್ತದೆ. ತಿಂದದ್ದನ್ನು ತೂಗಿ ಶಕ್ತಿಯ ಶೇ 6 ಎಂದು ಗುಣಿಸಿದರೆ ಮೀಥೇನ್ ಕೂಡ ಏರಬೇಕು. ವಾಸ್ತವದಲ್ಲಿ ಇಳಿಯುತ್ತದೆ, ಯಾಕೆಂದರೆ ಕೊಬ್ಬು ರೂಮೆನ್‌ನಲ್ಲಿ ಹುದುಗುವುದಿಲ್ಲ. ಸೂತ್ರ ತೋರಿಸುವ ದಿಕ್ಕೇ ತಪ್ಪು. ಐರೋಪ್ಯ ಒಕ್ಕೂಟ 2022ರಲ್ಲಿ ಒಪ್ಪಿದ 3-ನೈಟ್ರೋಆಕ್ಸಿಪ್ರೊಪನಾಲ್ ಎಂಬ ಮೇವಿನ ಪೂರಕದ ಕಥೆಯೂ ಹಾಗೇ. ಅದು ಮೀಥೇನ್ ತಯಾರಿಯ ಕೊನೆಯ ಹೆಜ್ಜೆಯ ಕಿಣ್ವವನ್ನು ತಡೆದು, ಪ್ರಯೋಗಗಳಲ್ಲಿ ಸರಾಸರಿ ಶೇ 30ರ ಆಸುಪಾಸು ಇಳಿಸಿದೆ. ತಿಂದ ಮೇವಿನ ತೂಕ ಮಾತ್ರ ಗೊತ್ತಿರುವ ಸಮೀಕರಣಕ್ಕೆ ಇದು ಕಾಣುವುದೇ ಇಲ್ಲ, ಬೇರೆ ಗುಣಕ ಹಾಕಬೇಕು. ಮೇವಿನಲ್ಲಿ ನಾರು ಹೆಚ್ಚಿದ್ದಷ್ಟೂ ಅದರ ಪರಿಣಾಮ ತಗ್ಗುವುದರಿಂದ ಆ ಗುಣಕವೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ.

ಇನ್ನು ನಂಬಿಕೆಯ ವಿಷಯ. ಒಳ್ಳೆಯ ಸಮೀಕರಣಗಳೂ ಒಂದೊಂದು ಹಸುವಿನ ವಿಷಯದಲ್ಲಿ ಶೇ 15ರ ಆಸುಪಾಸು ತಪ್ಪುತ್ತವೆ. ಹಾಗಾಗಿ ಪಕ್ಕಪಕ್ಕದಲ್ಲಿ ಕಟ್ಟಿದ ಎರಡು ಹಸುಗಳಲ್ಲಿ ಯಾವುದು ಹೆಚ್ಚು ಬಿಡುತ್ತದೆ ಎಂದು ಹೇಳಲು ಇವನ್ನು ನೆಚ್ಚಬೇಡಿ. ಲಕ್ಷ ಹಸುಗಳ ಮೊತ್ತದಲ್ಲಿ ಆಚೀಚೆ ಬೀಳುವ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ, ಆದರೆ ಜೀರ್ಣತೆಯನ್ನು ಎಲ್ಲರೂ ಒಂದೇ ಕಡೆಗೆ ತಪ್ಪಾಗಿ ಊಹಿಸಿದ್ದರೆ ಲಕ್ಷವಾದರೂ ಕೋಟಿಯಾದರೂ ಆ ತಪ್ಪು ಹಾಗೇ ಉಳಿಯುತ್ತದೆ. ಹಾಲಿನ ಮಾದರಿಯ ಮೇಲೆ ಅವಗೆಂಪು ಬೆಳಕು ಹಾಯಿಸಿ ಹಸುವಿನ ಮೀಥೇನ್ ಅಂದಾಜಿಸುವ ವಿಧಾನ ಈಗ ಬಳಕೆಗೆ ಬರುತ್ತಿದೆ. ಕೆನಡಾ 2023ರಿಂದ ಹೋಲ್‌ಸ್ಟೀನ್ ತಳಿಯ ಆಯ್ಕೆಯಲ್ಲಿ ಇದನ್ನು ಬಳಸುತ್ತಿದೆ. ಹೇಗೂ ಪರೀಕ್ಷೆಗೆ ಹೋಗುವ ಹಾಲೇ ಸಾಕು ಎಂಬುದು ಇದರ ಅನುಕೂಲ.

ಓದುವಾಗ ಗೊಂದಲ ಮಾಡುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ತಲೆಗಿಷ್ಟು ಮತ್ತು ಕಿಲೋ ಹಾಲಿಗಿಷ್ಟು ಎಂಬುದರ ವ್ಯತ್ಯಾಸ. ಮೇಲಿನ ಶೇ 65ರ ಲೆಕ್ಕದಲ್ಲೇ ಹಾಲನ್ನು 25ರಿಂದ 10 ಕಿಲೋಗೆ ಇಳಿಸಿದರೆ ಹಸುವಿನ ಮೀಥೇನ್ 419ರಿಂದ ಸುಮಾರು 263 ಗ್ರಾಂಗೆ ಇಳಿಯುತ್ತದೆ, ಆದರೆ ಪ್ರತಿ ಕಿಲೋ ಹಾಲಿಗೆ ಸುಮಾರು 17ರಿಂದ 26 ಗ್ರಾಂಗೆ ಏರುತ್ತದೆ. ಬದುಕಿಗೆ ಬೇಕಾದ 47 ಮೆಗಾಜೂಲ್ ಹಾಲು ಎಷ್ಟಿದ್ದರೂ ಖರ್ಚಾಗಲೇಬೇಕಲ್ಲ. ಎರಡನೆಯದು, ಮೀಥೇನನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿ ಪರಿವರ್ತಿಸುವುದು. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ. ಅದರ ಪ್ರಭಾವವನ್ನು 100 ವರ್ಷಗಳ ಮೇಲೆ ಹರಡಿದರೆ ಸುಮಾರು 27 ಪಟ್ಟು, 20 ವರ್ಷಗಳಿಗೆ ನೋಡಿದರೆ ಸುಮಾರು 80 ಪಟ್ಟು. ಅಂದರೆ ವರ್ಷಕ್ಕೆ 100 ಕಿಲೋ ಮೀಥೇನ್ ಬಿಡುವ ಒಂದೇ ಹಸು ಒಂದು ವರದಿಯಲ್ಲಿ 2.7 ಟನ್, ಇನ್ನೊಂದರಲ್ಲಿ 8 ಟನ್ ಆಗಿ ಕಾಣಿಸಬಹುದು. ಸಗಣಿಯಿಂದ ಬರುವ ಮೀಥೇನ್ ಇದರಲ್ಲಿ ಸೇರಿಲ್ಲ. ಅದನ್ನು ಸಗಣಿಯ ಸಾವಯವ ಅಂಶ, ಇಡುವ ರೀತಿ, ತಾಪಮಾನ ನೋಡಿ ಬೇರೆಯಾಗಿ ಕೂಡಿಸುತ್ತಾರೆ.