ಜೀಪಿನ ಹಿಂದಿನ ಆಕ್ಸಲ್ ಬದಲಿಸುವ ಮುನ್ನ ಹಲ್ಲು ಎಣಿಸಿ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದ ಕಡೆಯ ತೋಟದವರೊಬ್ಬರು ತಮ್ಮ ಹಳೆಯ ಸಿಜೆ-3ಬಿ ಜೀಪು ತಂದು ನಿಲ್ಲಿಸಿದರು. "ಮೇಸ್ತ್ರಿ, ಗೇರ್‌ಬಾಕ್ಸ್ ಹೋಗಿದೆ ಅನ್ಸುತ್ತೆ. ಫೋರ್ ವ್ಹೀಲ್ ಹಾಕಿದ್ರೆ ಲಿವರ್ ವಾಪಸ್ ಬರಲ್ಲ. ನೇರ ರಸ್ತೇಲೂ ಗಾಡಿ ಎಳೆದು ಹಿಡಿದಂಗೆ ಆಗುತ್ತೆ" ಅಂದರು. ಈಚೆಗೆ ಏನಾದರೂ ಕೆಲಸ ಮಾಡಿಸಿದ್ರಾ ಎಂದು ಕೇಳಿದೆ. ಹಿಂದಿನ ಆಕ್ಸಲ್ ಸದ್ದು ಮಾಡುತ್ತಿತ್ತಂತೆ. ಬೇರೆ ಊರಿನ ಗ್ಯಾರೇಜೊಂದರಲ್ಲಿ ಗುಜರಿಯಿಂದ ಪೂರ್ತಿ ಆಕ್ಸಲ್ ತಂದು ಕೂರಿಸಿಕೊಟ್ಟಿದ್ದರಂತೆ. "ಆಮೇಲೆ ಓಟ ಚೆನ್ನಾಗಿದೆ, ಘಾಟಿ ಹತ್ತೋಕೆ ಮಾತ್ರ ಸ್ವಲ್ಪ ಒದ್ದಾಡುತ್ತೆ" ಅಂತಲೂ ಸೇರಿಸಿದರು.

ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು. ಗೇರ್‌ಬಾಕ್ಸ್ ಮುಟ್ಟಲಿಲ್ಲ. ಹುಡುಗನಿಗೆ ಸೀಮೆಸುಣ್ಣ ತರಲು ಹೇಳಿದೆ.

ಹೌಸಿಂಗ್, ಅಂದರೆ ಆಕ್ಸಲ್‌ನ ಹೊರಕವಚ, ಬಿಚ್ಚದೆ ಕ್ರೌನ್ ಪಿನಿಯನ್ನಿನ ಲೆಕ್ಕ ಹಿಡಿಯಬಹುದು. ಪಿನಿಯನ್ ಅಂದರೆ ಶಾಫ್ಟ್ ತಿರುಗಿಸುವ ಸಣ್ಣ ಹಲ್ಲುಚಕ್ರ, ಕ್ರೌನ್ ಅಂದರೆ ಆ ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನಷ್ಟೇ ಜಾಕ್‌ನಲ್ಲಿ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಎತ್ತಿದ ಟೈರಿಗೊಂದು, ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿಗೊಂದು ಸುಣ್ಣದ ಗೆರೆ ಎಳೆಯಿರಿ. ಒಬ್ಬರು ಚಕ್ರವನ್ನು 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಲಿ. ಒಂದೇ ಚಕ್ರ ತಿರುಗುವಾಗ ಕ್ರೌನ್ ಅದರ ಅರ್ಧ ಮಾತ್ರ ತಿರುಗುತ್ತದೆ. ಹಾಗಾಗಿ 20 ಸುತ್ತು ಅಂದರೆ ಕ್ರೌನಿಗೆ 10 ಸುತ್ತು. ಶಾಫ್ಟ್ 54ರ ಹತ್ತಿರ ಬಂದು ನಿಂತರೆ ಅದು 8/43. ಅಂದರೆ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. 49ರ ಹತ್ತಿರ ನಿಂತರೆ 8/39.

ನಮ್ಮ ಹುಡುಗ 49 ಎಂದ. ಮುಂದಿನ ಆಕ್ಸಲ್‌ಗೂ ಹಾಗೇ ಮಾಡಿದೆವು. 54.

43ನ್ನು 8ರಿಂದ ಭಾಗಿಸಿದರೆ 5.375. 39ನ್ನು ಭಾಗಿಸಿದರೆ 4.875. ನೋಡಲು ಸಣ್ಣ ವ್ಯತ್ಯಾಸ. ಆದರೆ ಫೋರ್ ವ್ಹೀಲ್ ಹಾಕಿದಾಗ ಈ ಜೀಪಿನ ಟ್ರಾನ್ಸ್‌ಫರ್ ಕೇಸು, ಅಂದರೆ ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ, ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಎರಡರ ವೇಗದ ವ್ಯತ್ಯಾಸ ಹೊಂದಿಸಿಕೊಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ಮುಂದಿನ ಚಕ್ರ 100 ಸುತ್ತು ತಿರುಗುವಷ್ಟರಲ್ಲಿ ಹಿಂದಿನದು 110 ತಿರುಗಬೇಕಾಗುತ್ತದೆ. ಎರಡೂ ಒಂದೇ ಗಾಡಿಯ ಚಕ್ರ, ಒಂದೇ ರಸ್ತೆ. ಆ 10 ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಟೈರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಗೊತ್ತೇ ಆಗಲ್ಲ. ಗಟ್ಟಿ ನೆಲದಲ್ಲಿ ಟೈರು ಉಜ್ಜುತ್ತದೆ, ಇಲ್ಲವೇ ಶಾಫ್ಟುಗಳು ತಿರುಚಿಕೊಂಡು ಲಿವರ್ ಕಚ್ಚಿಕೊಳ್ಳುತ್ತದೆ. ಹಾಗೇ ಓಡಿಸುತ್ತಾ ಹೋದರೆ ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲು) ಅಥವಾ ಹಲ್ಲು ಮುರಿಯುತ್ತದೆ. ಸರಿಯಾಗಿರುವ ಜೀಪಿನಲ್ಲೂ ಟಾರಿನ ಮೇಲೆ ಫೋರ್ ವ್ಹೀಲ್ ಹಾಕಿ ತಿರುಗಿಸಿದರೆ ಬಿಗಿತ ಬರುತ್ತದೆ, ನಿಜ. ನೇರ ರಸ್ತೆಯಲ್ಲೇ ಬಂದರೆ ಮಾತ್ರ ಅನುಮಾನಪಡಿ.

ಈ ಎರಡು ಲೆಕ್ಕಗಳು ಎಲ್ಲಿಂದ ಬಂದವು ಅನ್ನುವುದಕ್ಕೆ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿ 4.88, ಅಂದರೆ 8/39 ಇತ್ತು. ಯುದ್ಧ ಮುಗಿದು 1945ರಲ್ಲಿ ಸಿಜೆ-2ಎ ಬಂದಾಗ ಅದನ್ನು ರೈತರಿಗೆ ಮಾರಬೇಕಿತ್ತು. ನೇಗಿಲು ಎಳೆಯಲು, ಹೊರೆ ಹೊರಲು ಎಳೆತ ಜಾಸ್ತಿ ಬೇಕು. ಹಾಗಾಗಿ 5.38, ಅಂದರೆ 8/43 ಹಾಕಿದರು. ನಮ್ಮ ಮಹೀಂದ್ರದವರು ಹೆಚ್ಚು ತಯಾರಿಸಿದ್ದು ಆ ಸಾಲಿನ ಸಿಜೆ-3ಬಿ. ಗುಜರಿಯಲ್ಲಿ ಎಲ್ಲ ಕಾಲದ ಜೀಪುಗಳ ಆಕ್ಸಲ್ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ.

"ಸರಿ, ಹಾಗಾದ್ರೆ ಎರಡಕ್ಕೂ 8/39 ಹಾಕಿಬಿಡಿ, ಬೆಂಗಳೂರಿಗೆ ಆರಾಮಾಗಿ ಹೋಗಬಹುದಲ್ಲ?" ಎಂದು ಕೇಳುವವರು ಜಾಸ್ತಿ. ಲೆಕ್ಕ ಹಾಕೋಣ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಟಾಪ್ ಗೇರು ನೇರ, ಒಂದಕ್ಕೊಂದು. ಗಂಟೆಗೆ 80 ಕಿ.ಮೀ. ಹೋಗುವಾಗ 8/43ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3250 ಸುತ್ತು ತಿರುಗುತ್ತದೆ. 8/39ರಲ್ಲಿ 2950. ಉಳಿದದ್ದು 300 ಸುತ್ತು. ಕಿವಿಗೆ ಸ್ವಲ್ಪ ಹಿತ, ಅಷ್ಟೇ.

ಕಳೆದುಕೊಳ್ಳುವುದನ್ನೂ ನೋಡಿ. ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಗೇರು 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46. ಎಲ್ಲ ಗುಣಿಸಿದರೆ 8/43ರಲ್ಲಿ ಒಟ್ಟು ಎಳೆತ 37 ಪಟ್ಟು, 8/39ರಲ್ಲಿ 33.6 ಪಟ್ಟು. ಕಾಫಿ ಮೂಟೆ ತುಂಬಿಕೊಂಡು ಒದ್ದೆ ಮಣ್ಣಿನ ಏರು ಹತ್ತುವವರಿಗೆ ಇದು ಪ್ರತಿದಿನ ಗೊತ್ತಾಗುತ್ತದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪಿಗೆ 8/39 ಒಪ್ಪುತ್ತದೆ. ಡೀಸೆಲ್‌ಗೆ ಕೆಳಗಿನ ಸುತ್ತಿನಲ್ಲೇ ಎಳೆತ ಇದೆ, ಮೇಲೆ ಓಡಲು ಇಷ್ಟವಿಲ್ಲ. ಮೂಲ ಪೆಟ್ರೋಲ್ ಎಂಜಿನ್ ಇದ್ದು, ತೋಟದ ಕೆಲಸಕ್ಕೇ ಇರುವ ಜೀಪಾದರೆ 8/43 ಬಿಡಬೇಡಿ ಅಂತ ನಾನು ಹೇಳುತ್ತೇನೆ. ಹೈವೇ ಓಟವೇ ಬೇಕಾದವರಿಗೆ ಅಮೆರಿಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಪಿಟಿಒ (ಬೇರೆ ಯಂತ್ರ ಓಡಿಸಲು ಶಕ್ತಿ ತೆಗೆಯುವ ಬಾಯಿ) ಜಾಗದಲ್ಲಿ ಕೂರುವ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರು ಸಿಗುತ್ತದೆ. ಎಂಜಿನ್ ಸುತ್ತನ್ನು ಕಾಲು ಭಾಗದಷ್ಟು ಇಳಿಸುತ್ತದೆ. ಮುಂದೆ ಹಿಂದೆ ಎರಡೂ ಕಡೆಗೆ ಒಟ್ಟಿಗೆ ಇಳಿಸುವುದರಿಂದ ಮೇಲಿನ ಜಗಳವೇ ಇಲ್ಲ. ತರಿಸುವ ಖರ್ಚು ಮಾತ್ರ ಕೇಳಬೇಡಿ.

ಇನ್ನು ಬೇರೆ ಗಾಡಿಯ ಪೂರ್ತಿ ಆಕ್ಸಲ್ ತಂದು ಹಾಕುವ ವಿಚಾರ. ಜೀಪಿನ ಹಿಂದೆ ಬಗ್ಗಿ ನೋಡಿ. ಆಕ್ಸಲ್‌ನಲ್ಲಿ ಕ್ರೌನ್ ಪಿನಿಯನ್ ಕೂತಿರುವ ಉಂಡೆ ನಡುವಿನಲ್ಲಿಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಬರುವುದೂ ಬಲಗಡೆಯೇ. ಉಂಡೆ ನಡುವೆ ಇರುವ ಆಕ್ಸಲ್ ಕೂರಿಸಿದರೆ ಶಾಫ್ಟ್ ಓರೆಯಾಗುತ್ತದೆ. 80 ಇಂಚಿನ ವ್ಹೀಲ್‌ಬೇಸ್‌ನಲ್ಲಿ ಹಿಂದಿನ ಶಾಫ್ಟೇ ಗಿಡ್ಡ, ಅದಕ್ಕೆ ಓರೆಯೂ ಸೇರಿದರೆ ಕ್ರಾಸ್ ಬಾಳಲ್ಲ. ವ್ಹೀಲ್ ಬೋಲ್ಟ್ ಹೊಂದಿತು ಅಂತ ಖುಷಿಪಡುವವರಿದ್ದಾರೆ. ಮಾರುತಿ ಜಿಪ್ಸಿಯದ್ದೂ ಐದು ಬೋಲ್ಟು, ಅದೇ ಐದೂವರೆ ಇಂಚಿನ ವೃತ್ತ. ಬೋಲ್ಟು ಹೊಂದಿದ ಮಾತ್ರಕ್ಕೆ ಆಕ್ಸಲ್ ಹೊಂದಿದಂತಲ್ಲ.

ಹಾಗೆ ತಂದ ಆಕ್ಸಲ್‌ಗೆ ವೆಲ್ಡ್ ಮಾಡುವ, ಸ್ಪ್ರಿಂಗ್ ಪ್ಲೇಟ್ ಕೂರುವ ಸೀಟುಗಳ ಬಗ್ಗೆ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸತು. ಜೀಪನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪ್ಲೇಟುಗಳು ಜೋತಾಡುತ್ತಿದ್ದಾಗಲೇ ಅಳತೆ ತೆಗೆದು ಸೀಟು ವೆಲ್ಡ್ ಮಾಡಿಬಿಟ್ಟೆ. ಕೆಳಗಿಳಿಸಿದಾಗ ಭಾರ ಕೂತು ಪಿನಿಯನ್ನಿನ ಮೂತಿ ಬಾಗಿತು. ಗಂಟೆಗೆ 50 ಕಿ.ಮೀ. ದಾಟಿದರೆ ಗಾಡಿಯೊಳಗೆ ಕೂರುವ ಸೀಟೆಲ್ಲ ನಡುಗುತ್ತಿತ್ತು. ಎರಡು ಸಲ ಕ್ರಾಸ್ ಬದಲಿಸಿದ ಮೇಲೆ ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಪಿನಿಯನ್ನಿನ ಗೆರೆಯೂ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಶಾಫ್ಟಿನ ಗೆರೆಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಅದನ್ನು ನೋಡಬೇಕಾದ್ದು ಚಕ್ರ ನೆಲದ ಮೇಲಿದ್ದು, ಗಾಡಿಯ ಭಾರ ಪೂರ್ತಿ ಕೂತಾಗ. ಈಗ ಮೊದಲು ಒಂದೊಂದು ಚುಕ್ಕೆ ವೆಲ್ಡ್ ಮಾಡುತ್ತೇನೆ, ಕೆಳಗಿಳಿಸಿ ನೋಡುತ್ತೇನೆ. ಆಮೇಲೆ ಸ್ವಲ್ಪ ಸ್ವಲ್ಪವೇ, ತಣಿಸುತ್ತಾ ಪೂರ್ತಿ ಮಾಡುತ್ತೇನೆ. ಒಂದೇ ಉಸಿರಿಗೆ ಎಳೆದರೆ ಟ್ಯೂಬು ಬಿಸಿಗೆ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಕಷ್ಟಪಡುವ ಬದಲು, ಹೌಸಿಂಗ್ ನೆಟ್ಟಗಿದ್ದರೆ ಮೂಲ ಆಕ್ಸಲ್ ಇಟ್ಟುಕೊಂಡು ಒಳಗಿನದನ್ನು ಮಾತ್ರ ಬದಲಿಸಿ. ಗುಜರಿಯಲ್ಲಿ ಕ್ರೌನ್ ಒಂದು ಅಂಗಡಿ, ಪಿನಿಯನ್ ಇನ್ನೊಂದು ಅಂಗಡಿ ಅಂತ ತರಬೇಡಿ. ಎರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಎರಡರ ಮೇಲೂ ಒಂದೇ ನಂಬರು ಕೆತ್ತಿರುತ್ತದೆ, ಅದನ್ನು ನೋಡಿ ತೆಗೆದುಕೊಳ್ಳಿ. ಮುಂದಿನ ಆಕ್ಸಲ್‌ನ ಸೆಟ್ಟು ಹಿಂದಕ್ಕೆ ಆಗಲ್ಲ, ಅಳತೆಯೇ ಬೇರೆ.

ಕೂರಿಸುವುದೇ ನಿಜವಾದ ಕೆಲಸ. ಪಿನಿಯನ್ನಿನ ಒಳಗಿನ ಬೇರಿಂಗ್ ಕಪ್ಪಿನ ಹಿಂದೆ ಶಿಮ್ ಇರುತ್ತದೆ. ಕಾಗದದಂಥ ತಗಡು. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಅನ್ನುವುದು ಅದರ ಕೈಯಲ್ಲಿದೆ. ಕ್ರೌನಿನ ನಾಲ್ಕೈದು ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ತೆಳ್ಳಗೆ ಹಚ್ಚಿ, ಕೈಯಲ್ಲಿ ಸ್ವಲ್ಪ ತಡೆಕೊಟ್ಟು ತಿರುಗಿಸಿ. ಪಿನಿಯನ್ ಉಜ್ಜಿದ ಕಡೆ ಅಚ್ಚು ಬೀಳುತ್ತದೆ. ಅಚ್ಚು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ, ಶಿಮ್ ತೆಗೆಯಿರಿ. ತುದಿಗೆ ಬಿದ್ದರೆ ಶಿಮ್ ಸೇರಿಸಿ. ನಡುವೆ ಬರುವ ತನಕ ಮತ್ತೆ ಬಿಚ್ಚು, ಮತ್ತೆ ಹಾಕು. ಒಂದೊಂದು ಸಲ ಆರೇಳು ಬಾರಿ ಆಗುತ್ತದೆ. ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜಿನಲ್ಲಿ 0.15ರಿಂದ 0.20 ಮಿ.ಮೀ. ಒಳಗೆ ಹಿಡಿಯುತ್ತೇನೆ. "ಅಂದಾಜಲ್ಲಿ ಸರಿಯಿದೆ ಬಿಡಿ" ಅನ್ನುವವರ ಜೀಪುಗಳೇ ಆರು ತಿಂಗಳಿಗೆ ಗುಂಯ್‌ಗುಡುತ್ತಾ ಬರುವುದು.

ಅಂದಹಾಗೆ ಸದ್ದು ಬಂದ ಮಾತ್ರಕ್ಕೆ ಕ್ರೌನ್ ಪಿನಿಯನ್ ಹೋಗಿದೆ ಅಂದುಕೊಳ್ಳಬೇಡಿ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸದ್ದಿನ ಧಾಟಿ ಬದಲಾದರೆ ಅದು ಹಲ್ಲಿನದು. ಒತ್ತಿದರೂ ಬಿಟ್ಟರೂ ಒಂದೇ ಥರ ಗುಂಯ್ ಅಂದರೆ ಮೊದಲು ಚಕ್ರದ ಬೇರಿಂಗ್ ನೋಡಿ. ಎಣ್ಣೆ ಸೋರಿ ಬ್ರೇಕ್ ಶೂ ನೆನೆದಿದ್ದರೆ ಹೌಸಿಂಗ್ ಮೇಲಿನ ಉಸಿರುಕೊಳವೆ ಮಣ್ಣು ಕಟ್ಟಿದೆಯಾ ನೋಡಿ. ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಸೀಲ್ ದಾಟಿಸಿ ಎಣ್ಣೆ ತಳ್ಳುತ್ತದೆ.

ಚಕ್ರ ಕೂರುವ ಹಬ್ಬಿನ ನಟ್ಟನ್ನೂ ಮರೆಯಬೇಡಿ. ಈ ಆಕ್ಸಲ್‌ನಲ್ಲಿ ಹಬ್ಬು ಟೇಪರ್ (ತುದಿಗೆ ಸಣ್ಣಗಾಗುವ) ಶಾಫ್ಟಿನ ಮೇಲೆ ಕೀ ಎಂಬ ಒಂದು ಸಣ್ಣ ಲೋಹದ ತುಂಡನ್ನು ಹಿಡಿದುಕೊಂಡು ಕೂತಿರುತ್ತದೆ. ನಟ್ಟು ಸಡಿಲವಾದರೆ ಕೀ ಕತ್ತರಿಸಿಹೋಗುತ್ತದೆ. ಶಾಫ್ಟು ಮುರಿಯುವುದೂ ಸಾಮಾನ್ಯವಾಗಿ ಆ ಕೀ ಜಾಗದಲ್ಲೇ. ಇಲ್ಲಿ ಒಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಒಂದು ಕಡೆಯ ಚಕ್ರದ ಶಾಫ್ಟ್ ಮುರಿದರೆ, ಅಥವಾ ಹಿಂದಿನ ಒಂದು ಚಕ್ರ ಜಾಕ್ ಮೇಲಿದ್ದರೆ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಇಳಿಜಾರಿನಲ್ಲಿ ಟೈರ್ ಬದಲಿಸುವವರು ಕಲ್ಲು ಕೊಡದೆ ಕೈ ಹಾಕಬೇಡಿ.

ಕಾಗದಪತ್ರದ ಮಾತು ಒಂದಿಷ್ಟು. 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಗಾಡಿಗೆ 'ವಿಎ' ಅಕ್ಷರದ ವಿಂಟೇಜ್ ನಂಬರು ಸಿಗುತ್ತದೆ. ದಿನಾ ತೋಟಕ್ಕೆ ಓಡಿಸುವವರಿಗೆ ಅದು ಆಗಿಬರಲ್ಲ, ಆ ನಂಬರಿನ ಗಾಡಿ ಮಾಮೂಲಿ ಓಡಾಟಕ್ಕಲ್ಲ. ಆದರೂ ಮುಂದೆ ಯಾವತ್ತಾದರೂ ಆಸೆ ಬರಬಹುದು, ಬಿಚ್ಚಿದ ಮೂಲ ಭಾಗಗಳನ್ನು ಕಿಲೋ ಲೆಕ್ಕದಲ್ಲಿ ಮಾರಬೇಡಿ.

ಸಕಲೇಶಪುರದವರ ಹಳೆಯ ಆಕ್ಸಲ್ ಅದೃಷ್ಟಕ್ಕೆ ಅವರ ಕೊಟ್ಟಿಗೆಯಲ್ಲೇ ಇತ್ತು. ಹೌಸಿಂಗ್ ನೆಟ್ಟಗಿತ್ತು, ಹಲ್ಲಿಗೂ ಏನೂ ಆಗಿರಲಿಲ್ಲ. ಹೋಗಿದ್ದದ್ದು ಪಿನಿಯನ್ ಬೇರಿಂಗ್ ಎರಡು. ಅವನ್ನು ಬದಲಿಸಿ, ಶಿಮ್ ಹೊಂದಿಸಿ, ಇಪಿ 90 ಗೇರ್ ಎಣ್ಣೆ ತುಂಬಿ ವಾಪಸ್ ಕೂರಿಸಿದೆವು. ಗುಜರಿಯಿಂದ ಬಂದ 8/39 ಆಕ್ಸಲ್‌ನ ಬಾಯಿಗೆ ಎಣ್ಣೆ ಬಟ್ಟೆ ಕಟ್ಟಿ ಅದೇ ಜೀಪಿನ ಹಿಂಭಾಗದಲ್ಲಿ ಸಾಮಾನಿನ ಹಾಗೆ ಹೇರಿ ಕಳಿಸಿದೆ. ಮುಂದಿನ ಚಕ್ರಗಳಿಗೂ ಒಂದು 8/39 ಆಕ್ಸಲ್ ಸಿಕ್ಕ ದಿನ ಎರಡನ್ನೂ ಒಟ್ಟಿಗೆ ತನ್ನಿ ಎಂದಿದ್ದೇನೆ.