ಒಂದೇ ಬಿಸಿಗಾಳಿಗೆ ಹತ್ತು ರೆಕ್ಕೆ

ಬೇಸಿಗೆಯ ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಹದ್ದುಗಳು ರೆಕ್ಕೆ ಬಡಿಯದೆ ಒಂದರ ಮೇಲೊಂದು ಸುತ್ತು ಹಾಕುತ್ತಿರುತ್ತವೆ. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅವುಗಳಿಗೆ ಏಣಿ. ಎಂಜಿನ್ ಇಲ್ಲದ ಗ್ಲೈಡರ್‌ಗೂ ಅದೇ ಏಣಿ. ಹಾರಿಸುವವರು ಅದನ್ನು ಥರ್ಮಲ್ ಅನ್ನುತ್ತಾರೆ. ಆಕಾಶ ಎಷ್ಟೇ ವಿಶಾಲವಾಗಿದ್ದರೂ ಏಣಿ ಇರುವುದು ಅಲ್ಲೊಂದು ಇಲ್ಲೊಂದು. ಸುತ್ತಲಿನ ಗ್ಲೈಡರ್‌ಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಡಿಕ್ಕಿಯ ಭಯ ಹುಟ್ಟುವುದೂ ಅಲ್ಲೇ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಎಂಜಿನ್ ವಿಮಾನಗಳಿಗೆ ಕಡಿವಾಣ ಬಿದ್ದಾಗ ಅಲ್ಲಿನ ಉತ್ಸಾಹಿಗಳು 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಗ್ಲೈಡರ್ ಸ್ಪರ್ಧೆ ಶುರುಮಾಡಿದರು. ಆಗಿನದು ಗುಡ್ಡದ ಇಳಿಜಾರನ್ನು ನೆಚ್ಚಿಕೊಂಡ ಹಾರಾಟ. ಆ ದಶಕದ ಕೊನೆಗೆ ಕಾಕ್‌ಪಿಟ್‌ಗೆ ವೇರಿಯೋಮೀಟರ್ ಬಂತು. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಅದು ಹೇಳತೊಡಗಿದ ಮೇಲೆ ಕಣ್ಣಿಗೆ ಕಾಣದ ಥರ್ಮಲ್ ಕೈಗೆ ಸಿಕ್ಕಿತು. ಗುಂಪು ಸೇರುವ ರೂಢಿಯೂ ಅದರ ಹಿಂದೆಯೇ ಬಂತು.

ಗುಂಪಿಗೆ ಕಟ್ಟುಪಾಡು ಬೇಕಲ್ಲ. ಮೊದಲು ಬಂದವರು ಯಾವ ಕಡೆಗೆ ಸುತ್ತುತ್ತಾರೋ ನಂತರ ಬಂದವರೂ ಅದೇ ಕಡೆಗೆ. ಬೆಟ್ಟದ ಸಾಲಿನಲ್ಲಿ ಎದುರುಬದುರಾದರೆ, ಬೆಟ್ಟ ಎಡಗಡೆ ಇರುವವರು ಬಲಕ್ಕೆ ಸರಿದು ದಾರಿ ಬಿಡಬೇಕು; ಬಲಗಡೆ ಬೆಟ್ಟ ಇರುವವರಿಗೆ ಸರಿಯಲು ಜಾಗವೇ ಇಲ್ಲ. ಇವೆಲ್ಲ ನಿಂತಿರುವುದು ಎದುರಿನವರು ಕಾಣುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ.

ಆ ನಂಬಿಕೆಯೇ ಸಡಿಲ. 1957ರಲ್ಲಿ ಹಾರಿದ ‘ಫೀನಿಕ್ಸ್’ ಗ್ಲೈಡರ್‌ನಿಂದ ಫೈಬರ್‌ಗ್ಲಾಸ್ ಯುಗ ಶುರುವಾಯಿತು. ಬಿಸಿಲಿಗೆ ಅದರ ರಾಳ ಮೆದುವಾಗದಿರಲೆಂದು ಗ್ಲೈಡರ್‌ಗಳಿಗೆ ಬಿಳಿ ಬಣ್ಣ. ಬಿಳಿ ಮೋಡದ ಮುಂದೆ ಬಿಳಿ ರೆಕ್ಕೆ, ಅದೂ ಎದುರಿನಿಂದ ನೋಡಿದರೆ ಒಂದು ಗೆರೆಯಷ್ಟೇ. ಗಂಟೆಗೆ 150 ಕಿ.ಮೀ. ವೇಗದ ಎರಡು ಗ್ಲೈಡರ್‌ಗಳು ಎದುರಾದರೆ ನಡುವಿನ ಒಂದು ಕಿ.ಮೀ. ಕರಗಲು 12 ಸೆಕೆಂಡು ಸಾಕು. ಇನ್ನೊಂದು ತೊಡಕು: ನಿಜವಾಗಿ ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯದೆ ಚುಕ್ಕೆಯಂತೆ ನಿಂತೇ ಇರುತ್ತದೆ. ಚಲಿಸುವುದನ್ನು ಹಿಡಿಯುವಷ್ಟು ಚುರುಕಾಗಿ ನಮ್ಮ ಕಣ್ಣು ನಿಂತದ್ದನ್ನು ಹಿಡಿಯುವುದಿಲ್ಲ.

ಆಲ್ಪ್ಸ್ ಪರ್ವತಗಳಲ್ಲಿ ಸಾವುಗಳಾದ ಮೇಲೆ, 2004ರಲ್ಲಿ, ಸ್ವಿಟ್ಜರ್ಲೆಂಡಿನ ಗ್ಲೈಡರ್ ಪೈಲಟ್‌ಗಳೇ ಡಿಕ್ಕಿಯಾಗುವ ಮುನ್ನ ಕೂಗಿ ಎಚ್ಚರಿಸುವ ಫ್ಲಾರ್ಮ್ ಎಂಬ ಪುಟ್ಟ ಪೆಟ್ಟಿಗೆ ತಂದರು. ಹತ್ತಿರ ಬಂದವರನ್ನೆಲ್ಲ ಕಂಡು ಕೂಗಿದರೆ ಥರ್ಮಲ್‌ನೊಳಗೆ ಅದು ಬಾಯಿ ಮುಚ್ಚುವುದೇ ಇಲ್ಲ. ಅದಕ್ಕೇ ಪ್ರತಿ ಪೆಟ್ಟಿಗೆಯೂ ಜಿಪಿಎಸ್ ನೆರವಿನಿಂದ ತನ್ನ ಮುಂದಿನ ಕೆಲವು ಸೆಕೆಂಡುಗಳ ದಾರಿಯನ್ನು ಲೆಕ್ಕಹಾಕಿ ರೇಡಿಯೋದಲ್ಲಿ ಸಾರುತ್ತದೆ. ಎರಡು ದಾರಿಗಳು ಕೂಡುವಂತಿದ್ದರೆ ಮಾತ್ರ ಕೂಗು. ಜಾಣ ಉಪಾಯ. ಆದರೆ ಎದುರಿನವರ ಬಳಿಯೂ ಪೆಟ್ಟಿಗೆ ಇರಬೇಕು. ಸ್ಪರ್ಧೆಗಳಲ್ಲಂತೂ ಕೆಲವರು ಅದನ್ನೇ ಗೂಢಚಾರನನ್ನಾಗಿ ಮಾಡಿಕೊಂಡರು: ಮುಂದಿನವರಿಗೆ ಎಲ್ಲಿ ಒಳ್ಳೆಯ ಥರ್ಮಲ್ ಸಿಕ್ಕಿತೆಂದು ಪರದೆ ನೋಡಿ ಬೆನ್ನು ಹತ್ತುವುದು! ಕೊನೆಗೆ ಮಾಹಿತಿ ಮರೆಮಾಡುವ ವ್ಯವಸ್ಥೆಯನ್ನೂ ಸೇರಿಸಬೇಕಾಯಿತು.

ದೊಡ್ಡ ವಿಮಾನಗಳ ಕಥೆಯೇ ಬೇರೆ. ಅವು ನೋಡುವುದು ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ರೇಡಾರ್ ಕೇಳಿದಾಗ ‘ನಾನಿಲ್ಲಿದ್ದೇನೆ’ ಎಂದು ರೇಡಿಯೋದಲ್ಲಿ ಉತ್ತರಿಸುವ ಉಪಕರಣಗಳನ್ನು. 2006ರ ಆಗಸ್ಟ್ 28ರಂದು ಅಮೆರಿಕದ ನೆವಾಡಾದಲ್ಲಿ ಸುಮಾರು 16,000 ಅಡಿ ಎತ್ತರದಲ್ಲಿ ಹಾಕರ್ ಜೆಟ್ ಒಂದು ಗ್ಲೈಡರ್‌ಗೆ ಬಡಿಯಿತು. ಗ್ಲೈಡರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಬ್ಯಾಟರಿ ಉಳಿಸಲೆಂದು ಆರಿಸಿಟ್ಟಿದ್ದರು. ಗ್ಲೈಡರ್ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದರು, ಜೆಟ್ ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಇಳಿಯಿತು. ಯಾರೂ ಸಾಯಲಿಲ್ಲ. ಟ್ರಾನ್ಸ್‌ಪಾಂಡರ್ ಇಲ್ಲದೆಯೂ ಹಾರಲು ಗ್ಲೈಡರ್‌ಗಳಿಗಿರುವ ವಿನಾಯಿತಿ ತೆಗೆದುಹಾಕಿ ಎಂದು ತನಿಖಾ ಮಂಡಳಿ ಆಮೇಲೆ ಶಿಫಾರಸು ಮಾಡಿತು.

ಗ್ಲೈಡರ್ ಪೈಲಟ್‌ಗಳು ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡೇ ಕೂರುವುದೆಂದರೆ ಅಪಾಯ ಪೂರ್ತಿ ಹೋಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಹಾಗೆ. ತಲೆಯ ಮೇಲಿನ ಟೋಪಿಗೂ ಅದೇ ಲೆಕ್ಕ: ಕ್ರಿಕೆಟಿಗರ ಕ್ಯಾಪ್ ತೊಟ್ಟರೆ ಅದರ ಮುಂಚಾಚು ಮೇಲಿನ ನೋಟಕ್ಕೆ ಅಡ್ಡ ಬರುತ್ತದೆ. ಮೇಲೆ ಸುತ್ತುತ್ತಿರುವ ಗ್ಲೈಡರ್ ಕಾಣಲೆಂದೇ ಇವರು ಮೆತ್ತನೆಯ ಬಟ್ಟೆ ಟೋಪಿ ಹಾಕಿಕೊಳ್ಳುತ್ತಾರೆ.