ಓದುಗರ ಪ್ರಶ್ನೆ: “ನಮ್ಮ ಹುಡುಗನಿಗೆ ಕೆಲಸ ಕೊಡಿ ಅಂತ ಕಂಪನಿಯವರನ್ನು ಹೇಗೆ ಕೇಳೋದು?”

ಈ ಪ್ರಶ್ನೆ ಮೈಸೂರಿನ ಕುವೆಂಪುನಗರದಿಂದ ಬರುತ್ತದೆ, ನಂಜನಗೂಡಿನಿಂದ ಬರುತ್ತದೆ, ಮದ್ದೂರು, ಮಳವಳ್ಳಿ ಕಡೆಯಿಂದಲೂ ಬರುತ್ತದೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ. “ಮಗನಿಗೆ ಇಪ್ಪತ್ನಾಲ್ಕು ತುಂಬಿತು. ಬುದ್ಧಿಮಾಂದ್ಯತೆ ಇದೆ. ವಿಶೇಷ ಶಾಲೆ ಮುಗಿದ ಮೇಲೆ ಮನೇಲೇ ಕೂತಿದ್ದಾನೆ. ಹೆಬ್ಬಾಳ, ಕೂರ್ಗಳ್ಳಿ ಕಡೆ ಅಷ್ಟೊಂದು ಫ್ಯಾಕ್ಟರಿ ಇವೆಯಲ್ಲ, ಯಾರನ್ನು ಹಿಡಿಯಬೇಕು, ಏನಂತ ಕೇಳಬೇಕು?” ಕೆಲವರದು ಡೌನ್ ಸಿಂಡ್ರೋಮ್ ಇರುವ ಮಗಳು, ಕೆಲವರದು ಆಟಿಸಂ ಇರುವ ತಮ್ಮ. ಈ ಸಲ ಉತ್ತರವನ್ನು ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಿ, ಅರ್ಧಕ್ಕೆ ಬಿಟ್ಟು ಮತ್ತೆ ಫೋನ್ ಮಾಡಬೇಡಿ.

“ಕೆಲಸ ಕೊಡಿ” ಎಂದು ಕೇಳಬೇಡಿ. “ನಿಮ್ಮಲ್ಲಿ ದಿನಾ ಬಾಕಿ ಬೀಳುವ ಕೆಲಸ ಯಾವುದು?” ಎಂದು ಕೇಳಿ.

ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಕೇಳಿದ ಕೂಡಲೇ ಮಾಲೀಕರ ಮುಖದಲ್ಲಿ ಕರುಣೆ ಮೂಡುತ್ತದೆ, ಕೈ ಜೇಬಿಗೆ ಹೋಗುತ್ತದೆ. “ಏನಾದ್ರೂ ಸಹಾಯ ಮಾಡೋಣ” ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಎರಡನೆಯದನ್ನು ಕೇಳಿದರೆ ಅವರು ತಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡುತ್ತಾರೆ. ಗಾರ್ಮೆಂಟ್ಸ್ ಘಟಕದಲ್ಲಿ ನುರಿತ ಟೈಲರ್ ಹೊಲಿಗೆ ನಿಲ್ಲಿಸಿ ತಾನೇ ದಾರ ಕತ್ತರಿಸುತ್ತಾ ಕೂತಿರುತ್ತಾಳೆ. ಹೋಟೆಲಿನಲ್ಲಿ ಮುಖ್ಯ ಅಡುಗೆಭಟ್ಟರೇ ಬೆಳ್ಳುಳ್ಳಿ ಸುಲಿಯುತ್ತಿರುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಹೋಗಿ ಬೆಡ್‌ಶೀಟ್ ಮಡಚಿ ಜೋಡಿಸುತ್ತಿರುತ್ತಾಳೆ. ಹೆಚ್ಚು ಸಂಬಳದ ಕೈ ಕಡಿಮೆ ಸಂಬಳದ ಕೆಲಸ ಮಾಡುತ್ತಿರುವ ಜಾಗ ಪ್ರತಿ ಅಂಗಡಿಯಲ್ಲೂ, ಪ್ರತಿ ಕಾರ್ಖಾನೆಯಲ್ಲೂ ಇದ್ದೇ ಇರುತ್ತದೆ. ಅಂಥ ಚೂರುಪಾರು ಕೆಲಸಗಳನ್ನು ಒಟ್ಟುಗೂಡಿಸಿದರೆ ನಾಲ್ಕು ಗಂಟೆಯ ಒಂದು ಹುದ್ದೆ ಆಗುತ್ತದೆ. ಆ ಹುದ್ದೆ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಜನಜಂಗುಳಿ ಇರುವ ಹೊತ್ತಿನಲ್ಲೇ ಹೋಗಿ ಒಂದು ಮೂಲೆಯಲ್ಲಿ ನಿಂತು ನೋಡಿ, ಕಾಣುತ್ತದೆ.

ಯಾವ ಬಾಗಿಲು ತಟ್ಟುತ್ತೀರಿ ಎನ್ನುವುದೂ ಮುಖ್ಯ. ದೊಡ್ಡ ಕಂಪನಿ ಅಂದ ತಕ್ಷಣ ಎಲ್ಲರೂ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಅರ್ಜಿ ಬರೆಯುತ್ತಾರೆ. ಅದು ಕೆಲಸ ಕೊಡುವ ಬಾಗಿಲಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ತನ್ನ ನೌಕರರ ಅನುಕೂಲಕ್ಕೆ ಮಾಡಿದ ಖರ್ಚನ್ನು ಕಂಪನಿ ಆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಅಂದರೆ ನಿಮ್ಮ ಮಗನ ಸಂಬಳ ಆ ದುಡ್ಡಿನಿಂದ ಬರುವುದಿಲ್ಲ. ಅಂಗವಿಕಲರ ಕೌಶಲ ತರಬೇತಿಗೆ ಆ ಹಣ ಬಳಸಬಹುದು. ಹಾಗಾಗಿ ಕೆಲಸ ಹೇಳಿಕೊಡುವ ತರಬೇತುದಾರರ ಸಂಬಳಕ್ಕೆ ಅಲ್ಲಿ ಕೇಳಿ, ಕೆಲಸವನ್ನು ಮಾತ್ರ ಪ್ರೊಡಕ್ಷನ್ ಸೂಪರ್‌ವೈಸರ್ ಹತ್ತಿರ ಕೇಳಿ. ಇನ್ನೂ ಒಳ್ಳೆಯದೆಂದರೆ ಮಾಲೀಕರೇ ಗಲ್ಲಾ ಮೇಲೆ ಕೂರುವ ಜಾಗಗಳು: ಊದುಬತ್ತಿ ಪ್ಯಾಕಿಂಗ್, ಪ್ರಿಂಟಿಂಗ್ ಪ್ರೆಸ್, ಬೇಕರಿ, ನರ್ಸರಿ, ಲಾಂಡ್ರಿ. ಅಲ್ಲಿ ಬೆಳಿಗ್ಗೆ ಮಾತಾಡಿದರೆ ಸಂಜೆಗೆ ತೀರ್ಮಾನ ಆಗುತ್ತದೆ.

ಈಗ ನನ್ನ ಸಹನೆ ಪರೀಕ್ಷಿಸುವ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: “ಅವನಿನ್ನೂ ರೆಡಿ ಆಗಿಲ್ಲ. ಇನ್ನೊಂದು ವರ್ಷ ಟ್ರೈನಿಂಗ್ ಆಗಲಿ, ಆಮೇಲೆ ನೋಡೋಣ.” ತಂದೆ ತಾಯಿ ಹೇಳುತ್ತಾರೆ, ಮಾಲೀಕರು ಹೇಳುತ್ತಾರೆ, ಬೇಸರದ ಸಂಗತಿ ಎಂದರೆ ನಮ್ಮ ಕ್ಷೇತ್ರದ ಶಿಕ್ಷಕರೂ ಹೇಳುತ್ತಾರೆ. ಈ ನಂಬಿಕೆ ಎಷ್ಟು ಜನರ ಯೌವನ ತಿಂದುಹಾಕಿದೆ ಎಂದು ಕಣ್ಣಾರೆ ಕಂಡವರಿಗೇ ಗೊತ್ತು. ಹದಿನೆಂಟಕ್ಕೆ ವೃತ್ತಿ ತರಬೇತಿ ಕೇಂದ್ರಕ್ಕೆ ಸೇರಿದವನು ಮೂವತ್ತೈದಕ್ಕೂ ಅಲ್ಲೇ ಪೇಪರ್ ಕವರ್ ಅಂಟಿಸುತ್ತಿರುತ್ತಾನೆ. ದೀಪಾವಳಿ ಬಂದರೆ ಹಣತೆಗೆ ಬಣ್ಣ, ಉಳಿದ ದಿನ ಫಿನಾಯಿಲ್. ಹದಿನೇಳು ವರ್ಷ ಎಂಥ ತರಬೇತಿ ಅದು? ಯಾವ ಕೆಲಸಕ್ಕೆ?

ಕಲಿಕೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಯೋಚಿಸಿ. ಬೌದ್ಧಿಕ ಅಂಗವೈಕಲ್ಯ (ನೀವು ಬುದ್ಧಿಮಾಂದ್ಯತೆ ಅನ್ನುವುದು) ಇರುವವರಿಗೆ ಹೊಸದು ಕಲಿಯುವುದಕ್ಕಿಂತ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದು ಕಷ್ಟ. ಕೇಂದ್ರದ ಮೇಜಿನ ಮೇಲೆ ಟವೆಲ್ ಮಡಚಲು ಕಲಿತವನು ಆಸ್ಪತ್ರೆಯ ಲಾಂಡ್ರಿಗೆ ಹೋದರೆ ಮೇಜು ಬೇರೆ, ಬಟ್ಟೆಯ ಅಳತೆ ಬೇರೆ, ಸದ್ದು ಬೇರೆ, ಹೇಳುವವರ ದನಿ ಬೇರೆ. ಮತ್ತೆ ಮೊದಲಿನಿಂದ ಕಲಿಯಬೇಕು. ಹೇಗಿದ್ದರೂ ಅಲ್ಲಿಯೇ ಕಲಿಯಬೇಕಾದ್ದನ್ನು ಇಲ್ಲಿ ವರ್ಷಗಟ್ಟಲೆ ಕಲಿಸುವುದು ಯಾಕೆ? ಬೇರೆಯವರ ಮಕ್ಕಳ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಗ್ಯಾರೇಜಿಗೆ ಸೇರುವ ಹುಡುಗ ಸ್ಪ್ಯಾನರ್ ಹಿಡಿಯಲು ಕಲಿಯುವುದು ಗ್ಯಾರೇಜಿನಲ್ಲೇ.

1972ರಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯಮ ಮತ್ತು ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದರು, ಅದಾದ ಮೇಲೆ 24 ಭಾಗಗಳದ್ದನ್ನು. ನಮ್ಮಲ್ಲಿ ಎಷ್ಟೋ ಪದವೀಧರರು ಆ ಬ್ರೇಕ್ ಬಿಚ್ಚಿದರೆ ಮತ್ತೆ ಕೂಡಿಸಲಾರರು. ಗೋಲ್ಡ್ ಅವರ ವಾದ ನೇರವಾಗಿತ್ತು: ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸುವ ಕ್ರಮ ಬದಲಾಗಬೇಕು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು, ಬಾಯಿಮಾತು ಕಡಿಮೆ ಮಾಡಿ ಕೈಯಿಂದ ತೋರಿಸಬೇಕು. ಮುಂದಿನ ವರ್ಷಗಳಲ್ಲಿ ಇದೇ ದಾರಿಯಲ್ಲಿ “ಮೊದಲು ಕೆಲಸದ ಜಾಗ, ಆಮೇಲೆ ತರಬೇತಿ” ಎಂಬ ಪದ್ಧತಿ ಬೆಳೆಯಿತು, 1986ರಲ್ಲಿ ಅಮೆರಿಕದ ಪುನರ್ವಸತಿ ಕಾನೂನಿನಲ್ಲೂ ಸೇರಿತು. ನಾವಿಲ್ಲಿ ಇನ್ನೂ ಹಣತೆಗೆ ಬಣ್ಣ ಹಚ್ಚಿಸುತ್ತಿದ್ದೇವೆ.

ಅಮೆರಿಕದ ಮಾತು ಬೇಡ ಅನ್ನುವವರಿಗೆ ಮಂಡ್ಯ ಕಡೆಯ ಒಂದು ಸಸಿ ನರ್ಸರಿಯಲ್ಲಿ ನಡೆದದ್ದು ಹೇಳುತ್ತೇನೆ. ಟೊಮ್ಯಾಟೊ ಸಸಿ ಬೆಳೆಸುವ ಪ್ರೋಟ್ರೇ ನೋಡಿದ್ದೀರಲ್ಲ, 98 ಗುಳಿ ಇರುತ್ತವೆ, ಗುಳಿಗೊಂದು ಬೀಜ. ಡೌನ್ ಸಿಂಡ್ರೋಮ್ ಇರುವ ಒಬ್ಬ ಯುವಕನನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮೊದಲು ಅವನ ಹಳೆಯ ಕೇಂದ್ರದವರು “ಹತ್ತರ ಮೇಲೆ ಎಣಿಸಲು ಬರಲ್ಲ, ರೆಡಿ ಇಲ್ಲ” ಎಂದು ಷರಾ ಬರೆದಿದ್ದರು. ಆ ಕೆಲಸದಲ್ಲಿ ಎಣಿಸುವ ಪ್ರಮೇಯವೇ ಇಲ್ಲ. ಖಾಲಿ ಗುಳಿ ಕಂಡರೆ ಬೀಜ ಹಾಕಬೇಕು, ಖಾಲಿ ಗುಳಿ ಕಾಣದಿದ್ದರೆ ಟ್ರೇ ಮುಗಿಯಿತು. ತೊಡಕು ಬಂದದ್ದು ಎರಡೇ ಕಡೆ. ಒಂದು, ಎರಡೆರಡು ಬೀಜ ಬೆರಳಿಗೆ ಅಂಟುತ್ತಿದ್ದವು. ಬೀಜೋಪಚಾರ ಮಾಡಿದ ಗುಲಾಬಿ ಬಣ್ಣದ ಬೀಜವನ್ನು ಬಿಳಿ ತಟ್ಟೆಯಲ್ಲಿ ತೆಳುವಾಗಿ ಹರಡಿಕೊಟ್ಟೆವು, ಒಂದೊಂದೇ ಹೆಕ್ಕುವುದು ಸುಲಭವಾಯಿತು. ಎರಡು, ಯಾರಾದರೂ ಮಾತಾಡಿಸಿದರೆ ಎಲ್ಲಿದ್ದೆ ಎಂದು ಮರೆತು ಹಾಕಿದ ಗುಳಿಗೇ ಮತ್ತೆ ಹಾಕುತ್ತಿದ್ದ. ಸಾಲಿನ ಕೆಳಗೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಟ್ಟೆವು. ಏಳು ಗುಳಿಯ ಸಾಲು ಮುಗಿದ ಮೇಲೆ ಸ್ಕೇಲನ್ನು ಕೆಳಗೆ ಸರಿಸಬೇಕು, ಹದಿನಾಲ್ಕು ಸಾಲಿಗೆ ಟ್ರೇ ಮುಗಿಯುತ್ತದೆ. ಮೊದಮೊದಲು ಸ್ಕೇಲ್ ಸರಿಸುವಾಗ ಅವನ ಕೈ ಹಿಡಿಯಬೇಕಿತ್ತು, ಆಮೇಲೆ ಬೆರಳು ತೋರಿಸಿದರೆ ಸಾಕಾಯಿತು, ಆಮೇಲೆ ಅದೂ ಬೇಡವಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸೊಬ್ಬರು ತಾವೂ ಒಂದು ಸ್ಕೇಲ್ ಇಟ್ಟುಕೊಂಡಿದ್ದರು. ಅವನನ್ನು ಹತ್ತು ವರ್ಷ ಎಣಿಕೆ ಕಲಿಸುತ್ತಾ ಕೂರಿಸಿದ್ದರೆ ಈ ಸ್ಕೇಲ್ ಯಾರಿಗೂ ಹೊಳೆಯುತ್ತಿರಲಿಲ್ಲ. ಅದು ಹೊಳೆದದ್ದು ಅವನು ಟ್ರೇ ಮುಂದೆ ಕೂತ ಮೇಲೆ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಮುಚ್ಚಿಡುವುದಿಲ್ಲ.

“ಆದರೆ ಕಾರ್ಡ್‌ನಲ್ಲೇ 75 ಪರ್ಸೆಂಟ್ ಅಂತ ಬರೆದಿದ್ದಾರಲ್ಲ” ಎನ್ನುತ್ತೀರಿ. ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿಯಲ್ಲಿ, ಅಂಗವೈಕಲ್ಯದ ಆ ಅಂಕಿಯನ್ನು ನೋಡಿ ಮಾಲೀಕರು ಹೆದರುತ್ತಾರೆ, ನಾಲ್ಕರಲ್ಲಿ ಮೂರು ಪಾಲು ಕೆಲಸ ಆಗುವುದಿಲ್ಲ ಎಂದು ಓದಿಕೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. ದಿನನಿತ್ಯದ ಸಾಮಾಜಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ಅಂಕ 36ರಿಂದ 54ರ ನಡುವೆ ಬಂದವರೆಲ್ಲರಿಗೂ ಒಂದೇ ಶೇ. 75 ಬರೆಯುತ್ತಾರೆ, 55ರಿಂದ 69ರ ನಡುವೆ ಬಂದರೆ ಶೇ. 50. ಸರ್ಕಾರಿ ಸೌಲಭ್ಯಕ್ಕೆ ಯಾರು ಅರ್ಹರು ಎಂದು ವಿಂಗಡಿಸಲು ಮಾಡಿಕೊಂಡ ಪಟ್ಟಿ ಅದು. ಬೀಜ ಹಾಕಲು ಬರುತ್ತದೋ ಇಲ್ಲವೋ ಎನ್ನುವುದನ್ನು ಅದು ಅಳೆಯುವುದಿಲ್ಲ. ಆದ್ದರಿಂದ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕಂದಿನಿಂದ ತೋರಿಸಿದ ದಪ್ಪ ಫೈಲನ್ನು ಮೊದಲ ದಿನ ಮಾಲೀಕರ ಮುಂದೆ ಬಿಚ್ಚಬೇಡಿ. ಮಗ ಮನೆಯಲ್ಲಿ ಮಾಡುವ ಕೆಲಸದ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿ ಇರಲಿ. ತಾಟು ತೊಳೆಯುವುದೋ, ಹೂವು ಬಿಡಿಸುವುದೋ, ಅಂಗಳಕ್ಕೆ ನೀರು ಹಾಕುವುದೋ, ಯಾವುದಾದರೂ ಸರಿ.

ಹಾಗಾದರೆ ಯಾವ ತಯಾರಿಯೂ ಬೇಡವೇ? ಬೇಕು. ಶೌಚದ ಅಭ್ಯಾಸ ಇರಬೇಕು, ಅಥವಾ ಅದಕ್ಕೆ ವ್ಯವಸ್ಥೆ ಇರಬೇಕು. ಸಿಟ್ಟು ಬಂದಾಗ ಕೈ ಮಾಡುವ ಸ್ವಭಾವವಿದ್ದರೆ ಯಾವುದರಿಂದ ಸಿಟ್ಟು ಬರುತ್ತದೆ ಎಂದು ಮನೆಯವರು ಮೊದಲೇ ಹೇಳಬೇಕು. ಆಟಿಸಂ ಇರುವ ಎಷ್ಟೋ ಜನರಿಗೆ ಮಿಕ್ಸರ್, ಕಂಪ್ರೆಸರ್ ಸದ್ದು ತಡೆಯಲಾಗದು, ಅಂಥವರಿಗೆ ಬೇರೆ ಮೂಲೆ ಹುಡುಕಬೇಕು. ಬಸ್ಸಿನ ಅಭ್ಯಾಸ ಇವತ್ತಿನಿಂದಲೇ ಮಾಡಿಸಿ. ಮನೆಯಿಂದ ನಗರ ಬಸ್ ನಿಲ್ದಾಣ, ಅಲ್ಲಿಂದ ಮೇಟಗಳ್ಳಿ: ಮೊದಲು ಪಕ್ಕದಲ್ಲಿ ಕೂತು, ನಂತರ ಹಿಂದಿನ ಸೀಟಿನಲ್ಲಿ ಕೂತು, ನಂತರ ಇಳಿಯುವ ಸ್ಟಾಪಿನಲ್ಲಿ ಕಾದು. ಕೆಎಸ್‌ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸ್ ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿ. “ಗುಡ್ ಮಾರ್ನಿಂಗ್ ಸರ್” ಹೇಳಲು ಬರುವುದು, ಕೈಕಟ್ಟಿ ಸುಮ್ಮನೆ ಕೂರುವುದು, ಹೆಸರು ಬರೆಯುವುದು, ಇವು ಯಾವುವೂ ಕೆಲಸಕ್ಕೆ ಸೇರಲು ಅರ್ಹತೆಗಳಲ್ಲ.

ಕಾನೂನಿನ ಬಗ್ಗೆ ಕೇಳುವವರಿಗೆ ಇಷ್ಟು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳಿಗೆ ಶೇ. 4 ಮೀಸಲಾತಿ ಇದೆ. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ, ಕಲಿಕಾ ನ್ಯೂನತೆ, ಬಹುವಿಧ ಅಂಗವೈಕಲ್ಯ ಎಲ್ಲಕ್ಕೂ ಸೇರಿ. ಖಾಸಗಿಯವರಿಗೆ ಕಡ್ಡಾಯವಿಲ್ಲ, ನೌಕರರಲ್ಲಿ ಶೇ. 5 ಅಂಗವಿಕಲರು ಇರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಇದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ ಉಳಿದವರಿಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ, ಅಂಗವಿಕಲರಿಗೆ 25,000. ಕಾಯ್ದೆ ಹಿಡಿದು ಮಾಲೀಕರ ಜೊತೆ ಜಗಳಕ್ಕೆ ಹೋಗಬೇಡಿ. ಒಂದು ವಾರ ಪ್ರಯೋಗಕ್ಕೆ ಇಟ್ಟುಕೊಳ್ಳಿ, ಆ ವಾರದ ಕೂಲಿ ಕೊಡಿ, ತರಬೇತುದಾರರು ಜೊತೆಗಿರುತ್ತಾರೆ ಎಂದು ಕೇಳಿ. ನಂಬಿಕೆ ಬರದವರಿಗೆ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಬಗ್ಗೆ ಹೇಳಿ. ಅಂಗವಿಕಲರೇ ನಡೆಸುವ ಆ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೂ ಹೋಯಿತು.

ಯಾರೂ ನೇರವಾಗಿ ಕೇಳದ, ಆದರೆ ಕೆಲಸ ಸಿಕ್ಕ ಮೊದಲ ತಿಂಗಳಲ್ಲೇ ಎದುರಾಗುವ ಇನ್ನೊಂದು ವಿಷಯವಿದೆ: ಸಂಬಳ ಎಷ್ಟು, ಮತ್ತು ಯಾರ ಕೈಗೆ?

ಎಷ್ಟು ಎನ್ನುವುದು ಸರಳ. ನಾಲ್ಕು ಗಂಟೆ ದುಡಿದರೆ ನಾಲ್ಕು ಗಂಟೆಯ ಕೂಲಿ, ಆದರೆ ದರ ಪಕ್ಕದಲ್ಲಿ ಅದೇ ಕೆಲಸ ಮಾಡುವವರದ್ದೇ. “ಊಟ, ಬಸ್ ಚಾರ್ಜ್ ಕೊಡ್ತೀವಿ, ಹೊತ್ತು ಹೋಗುತ್ತಲ್ಲ” ಎನ್ನುವ ಕಡೆಯಿಂದ ಎದ್ದು ಬನ್ನಿ. ತಂದೆ ತಾಯಿಯೇ “ದುಡ್ಡು ಬೇಡ ಸಾರ್, ಒಂದು ಕಡೆ ಕೂತರೆ ಸಾಕು” ಎನ್ನುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಕೂಲಿಯಿಲ್ಲದೆ ಇಟ್ಟುಕೊಂಡವನನ್ನು ಯಾವ ಮಾಲೀಕರೂ ಕೆಲಸಗಾರ ಎಂದು ನೋಡುವುದಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಇಳಿದಾಗ ಮೊದಲು ಮನೆಗೆ ಕಳಿಸುವುದು ಅವನನ್ನೇ.

ಯಾರ ಕೈಗೆ ಎನ್ನುವುದು ಕಷ್ಟದ ಪ್ರಶ್ನೆ. ಹೆಚ್ಚಿನ ಮನೆಗಳಲ್ಲಿ ಅದು ಅಪ್ಪನ ಖಾತೆಗೆ ಹೋಗಿ ಚೀಟಿಯೋ ಗ್ಯಾಸೋ ಆಗಿ ಕರಗುತ್ತದೆ. ದುಡಿದವನಿಗೆ ಸಂಬಳದ ದಿನ ಬೇರೆ ದಿನದಂತೆಯೇ ಕಾಣುತ್ತದೆ. ಆಮೇಲೆ “ಯಾಕೋ ಕೆಲಸಕ್ಕೆ ಹೋಗಲ್ಲ ಅಂತಾನೆ” ಎಂದು ನನ್ನ ಹತ್ತಿರ ಬರುತ್ತೀರಿ. ಅದೇ 2016ರ ಕಾಯ್ದೆಯ 13ನೇ ಸೆಕ್ಷನ್ ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕು ಉಳಿದವರಷ್ಟೇ ಇವರಿಗೂ ಇದೆ ಎನ್ನುತ್ತದೆ. ಹದಿನೆಂಟು ತುಂಬಿದ ಮೇಲೂ ನಿಜಕ್ಕೂ ಪೋಷಕರ ಆಸರೆ ಬೇಕಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕತ್ವ ಪಡೆಯಬಹುದು. ಬ್ಯಾಂಕಿನವರು ಆ ಪತ್ರ ಕೇಳುವುದುಂಟು. ಅದು ಬೇಕಾದವರು ಕೆಲಸ ಸಿಗುವವರೆಗೂ ಕಾಯದೆ ಈಗಲೇ ಅರ್ಜಿ ಹಾಕಿ.

ಖಾತೆ ಅವನ ಹೆಸರಿನಲ್ಲೇ ಇರಲಿ. ಸಂಬಳ ಬಿದ್ದ ವಾರ ಅವನನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋಗಿ, ಒಂದಿಷ್ಟು ನೋಟು ಅವನ ಕೈಗೇ ಕೊಡಿಸಿ, ಖರ್ಚು ಮಾಡಲು ಬಿಡಿ. ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನಿಗೆ ಮಲ್ಲಿಗೆ ಕೊಳ್ಳಬಹುದು, ಮೂರು ಪ್ಲೇಟ್ ಗೋಬಿ ಮಂಚೂರಿ ತಿನ್ನಬಹುದು. ಯಾವುದನ್ನು ಕೊಳ್ಳಬೇಕು ಎಂದು ನೀವು ಹೇಳಬೇಡಿ. ಉಳಿದದ್ದನ್ನು ಮನೆ ಖರ್ಚಿಗೆ ತೆಗೆದುಕೊಳ್ಳುವುದಾದರೆ ಎಷ್ಟು, ಯಾಕೆ ಎಂದು ಅವನಿಗೆ ಹೇಳಿಯೇ ತೆಗೆದುಕೊಳ್ಳಿ.